ಆಯಸ್ಸು ಅಷ್ಟೇ ಇತ್ತು ಎನ್ನುವ ಮುನ್ನ

ಬೈಕಿನಿಂದ ಬಿದ್ದು ಮಗ ತೀರಿಹೋದ ಮನೆಗೆ ಮಾತನಾಡಿಸಲು ಹೋದವರು ಹೆಚ್ಚಾಗಿ ಒಂದೇ ಮಾತು ಆಡಿ ಬರುತ್ತಾರೆ: "ಏನ್ ಮಾಡಕ್ಕಾಯ್ತದವ್ವ, ಅವನ ಆಯಸ್ಸು ಅಷ್ಟೇ ಇತ್ತು." ಹಾಸನದಲ್ಲೂ ಅದೇ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲೂ ಅದೇ. ಹೆತ್ತವಳ ಎದುರು ಕುಳಿತಾಗ ಬೇರೆ ಮಾತು ತೋಚುವುದೂ ಕಷ್ಟ. ಆದರೆ ತಿಥಿ ಮುಗಿದು ನೆಂಟರೆಲ್ಲ ಊರಿಗೆ ಹೊರಟ ಮೇಲಾದರೂ ನಾವು ಲೆಕ್ಕ ನೋಡಬೇಕು. ರಸ್ತೆ ಸಾವಿಗೆ ಜಾಗ ಇದೆ, ಹೊತ್ತು ಇದೆ, ಕಾರಣ ಇದೆ. ನಮ್ಮಲ್ಲಿ ಬೇರುಬಿಟ್ಟ ಕೆಲವು ನಂಬಿಕೆಗಳು ಅವನ್ನು ಕಾಣದಂತೆ ಮಾಡಿವೆ.

"ಗಾಡಿ ಹೆಚ್ಚಿದ ಮೇಲೆ ಸಾವೂ ಹೆಚ್ಚಲೇಬೇಕು"

ದೇಶದ ಲೆಕ್ಕ ನೋಡಿದವರಿಗೆ ಹಾಗನ್ನಿಸುವುದು ಸಹಜ. 2010ರಲ್ಲಿ ಭಾರತದ ರಸ್ತೆಗಳಲ್ಲಿ 1,34,513 ಜನ ಸತ್ತರು. 2022ರಲ್ಲಿ ಆ ಸಂಖ್ಯೆ 1,68,491. ಮರುವರ್ಷ 1.72 ಲಕ್ಷ ದಾಟಿತು. ನಡುವೆ ಇಳಿದದ್ದು ಲಾಕ್‌ಡೌನ್ ಆದ 2020ರಲ್ಲಿ ಎದ್ದುಕಾಣುವಂತೆ. ಬೀಗ ತೆರೆದ ಕೂಡಲೇ ಮತ್ತೆ ಏರಿತು. ಕರ್ನಾಟಕದಲ್ಲಿ 2022ರಲ್ಲಿ 11,702 ಸಾವು. ದಿನಕ್ಕೆ 32 ಮನೆ ಎಂದುಕೊಳ್ಳಿ.

ಇದೇ ಅವಧಿಯಲ್ಲಿ ಜಗತ್ತಿನಲ್ಲೂ ವಾಹನಗಳು ವಿಪರೀತ ಹೆಚ್ಚಿದವು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2010ರಿಂದ 2021ರ ನಡುವೆ ಜಗತ್ತಿನ ರಸ್ತೆ ಸಾವು ಶೇ 5ರಷ್ಟು ಇಳಿದು 11.9 ಲಕ್ಷಕ್ಕೆ ಬಂತು. ಹತ್ತು ದೇಶಗಳು ಸಾವನ್ನು ಅರ್ಧಕ್ಕಿಂತ ಕೆಳಗೆ ತಂದವು. ಅಷ್ಟು ದೂರ ಹೋಗುವುದೂ ಬೇಡ. ಪಕ್ಕದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರಲ್ಲಿ 188 ಜನ ಸತ್ತಿದ್ದರು. ಆ ವರ್ಷದ ಆಗಸ್ಟ್‌ನಿಂದ ಮುಖ್ಯ ಪಥಕ್ಕೆ ಬೈಕು, ಆಟೋ ಬಿಡುವುದನ್ನು ನಿಲ್ಲಿಸಿದರು. ಗಂಟೆಗೆ 100 ಕಿ.ಮೀ. ಮಿತಿ ಹಾಕಿದರು, ಮಿತಿ ಮೀರಿದವರನ್ನು ಹಿಡಿಯಲು ಕ್ಯಾಮೆರಾ ನಿಲ್ಲಿಸಿದರು. ಪೊಲೀಸ್ ಇಲಾಖೆಯ ಲೆಕ್ಕದಲ್ಲಿ 2024ರ ಸಾವು 50. ರಸ್ತೆ ಅದೇ, ಓಡಿಸುವ ಜನವೂ ಅವರೇ. ಒಂದೇ ವರ್ಷದಲ್ಲಿ ಅಷ್ಟೂ ಜನರ ಆಯಸ್ಸು ಬೆಳೆಯಿತೇ?

"ಜನ ಸಾಯೋದು ಗುಂಡಿ ರಸ್ತೆಯಲ್ಲಿ, ಘಾಟಿಯಲ್ಲಿ, ಮಳೆಯಲ್ಲಿ"

ನಮ್ಮ ಜಿಲ್ಲೆಯವರಿಗೆ ಶಿರಾಡಿ ಘಾಟಿ ಎಂದರೆ ಭಯ. ಮಳೆಗಾಲದಲ್ಲಿ ಸಕಲೇಶಪುರ ದಾಟುವಾಗ ಓಡಿಸುವವರು ಮಾತು ನಿಲ್ಲಿಸಿ ರಸ್ತೆ ನೋಡುತ್ತಾರೆ. ಆ ಎಚ್ಚರವೇ ಅವರನ್ನು ಕಾಯುತ್ತದೆ. 2022ರ ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ ದೇಶದ ಮೂರರಲ್ಲಿ ಎರಡು ಅಪಘಾತ ನಡೆದದ್ದು ನೇರ ರಸ್ತೆಯಲ್ಲಿ. ನಾಲ್ಕರಲ್ಲಿ ಹೆಚ್ಚುಕಡಿಮೆ ಮೂರು ನಡೆದದ್ದು ಮಳೆಯೂ ಇಲ್ಲದ, ಮಂಜೂ ಇಲ್ಲದ ಶುಭ್ರ ವಾತಾವರಣದಲ್ಲಿ. ಗುಂಡಿಗಳಿಂದ ಸತ್ತವರು 1,856. ಅದು ಕಡಿಮೆಯೆಂದು ಯಾರೂ ತಳ್ಳಿಹಾಕುವಂತಿಲ್ಲ, ಗುಂಡಿ ಮುಚ್ಚದ ಅಧಿಕಾರಿಯನ್ನು ಕೇಳಲೇಬೇಕು. ಆದರೆ ಅದೇ ವರ್ಷ ಅತಿವೇಗದ ಲೆಕ್ಕಕ್ಕೆ ಬಂದ ಸಾವು ನೂರಕ್ಕೆ 71.

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 75 ನಾಲ್ಕು ಪಥದ್ದು, ನಡುವೆ ಡಿವೈಡರ್ ಇದೆ. ಅಂಥ ರಸ್ತೆಯಲ್ಲಿ 2024ರ ಮೇ 26ರ ನಸುಕಿನಲ್ಲಿ ಹಾಸನದ ಹೊರವಲಯದ ಈಶ್ವರಹಳ್ಳಿ ಬಳಿ ಮಂಗಳೂರಿನಿಂದ ಬರುತ್ತಿದ್ದ ಕಾರೊಂದು ಡಿವೈಡರ್ ಹಾರಿ ಎದುರಿನ ಲಾರಿಗೆ ಬಡಿಯಿತು. ಆರು ಜನ ಹೋದರು, ಅವರಲ್ಲಿ ಒಂದು ಮಗು. ಅದೇ ವರ್ಷದ ಡಿಸೆಂಬರ್ 1ರಂದು ಹಾಸನ–ಮೈಸೂರು ರಸ್ತೆಯ ಕಿತ್ತಾನೆ ಬಳಿ ಪೊಲೀಸ್ ಜೀಪಿನ ಟೈರ್ ಸಿಡಿಯಿತು. ತರಬೇತಿ ಮುಗಿಸಿ ಮೊದಲ ಕರ್ತವ್ಯಕ್ಕೆ ಬರುತ್ತಿದ್ದ ಯುವ ಐಪಿಎಸ್ ಅಧಿಕಾರಿ ಹರ್ಷ್ ಬರ್ಧನ್ ತೀರಿಕೊಂಡರು. ಅವರು ಸೇವೆ ಆರಂಭಿಸಬೇಕಿದ್ದದ್ದು ಹೊಳೆನರಸೀಪುರದಲ್ಲಿ. ಟೈರ್ ಸಿಡಿಯುವುದು, ನಿದ್ದೆಯ ಮಂಪರು ಹತ್ತುವುದು, ನಾಯಿ ಅಡ್ಡ ಬರುವುದು ಎಲ್ಲ ರಸ್ತೆಯಲ್ಲೂ ಆಗುವಂಥದ್ದೇ. ಅದು ಪೆಟ್ಟಾಗಿ ಮುಗಿಯುತ್ತದೋ ಹೆಣವಾಗಿ ಮುಗಿಯುತ್ತದೋ ಎಂಬುದು ಬಹುಪಾಲು ವೇಗದ ಮೇಲೆ ನಿಂತಿದೆ. ಕಾರಿನ ಸರಾಸರಿ ವೇಗ ನೂರಕ್ಕೆ ಒಂದರಷ್ಟು ಹೆಚ್ಚಿದರೆ ಪ್ರಾಣ ಹೋಗುವ ಅಪಘಾತ ನೂರಕ್ಕೆ ನಾಲ್ಕರಷ್ಟು ಹೆಚ್ಚುತ್ತದೆ. ನಡೆದುಹೋಗುವ ಮನುಷ್ಯನಿಗೆ 50ರ ವೇಗದಲ್ಲಿ ಬಡಿಯುವ ಕಾರಿಗಿಂತ 65ರಲ್ಲಿ ಬಡಿಯುವ ಕಾರಿನಿಂದ ಸಾಯುವ ಅಪಾಯ ನಾಲ್ಕೂವರೆ ಪಟ್ಟು. ಸ್ಪೀಡೋಮೀಟರಿನಲ್ಲಿ ಆ ಹದಿನೈದು ಕಿಲೋಮೀಟರ್ ಅಂತರ ಒಂದು ಬೆರಳಗಲವೂ ಇರುವುದಿಲ್ಲ.

ಕುಡಿದು ಓಡಿಸುವವರೇ ಎಲ್ಲಕ್ಕೂ ಕಾರಣ ಎಂಬ ಮಾತೂ ಇಲ್ಲಿಗೇ ಸೇರಿದ್ದು. 2022ರಲ್ಲಿ ಕುಡಿತದ ಲೆಕ್ಕದಲ್ಲಿ ದಾಖಲಾದ ಸಾವು 4,201, ಅಂದರೆ ನೂರಕ್ಕೆ ಎರಡೂವರೆ. ಅಪಘಾತ ಮಾಡಿದ ಪ್ರತಿಯೊಬ್ಬರ ರಕ್ತವನ್ನೂ ಪರೀಕ್ಷಿಸುವುದಿಲ್ಲವಾದ್ದರಿಂದ ನಿಜವಾದದ್ದು ಹೆಚ್ಚೇ ಇದ್ದೀತು. ಆದರೂ ಕೊಲ್ಲುವವರಲ್ಲಿ ಬಹಳ ಜನ ಕುಡಿಯದವರು, ಮನೆಗೆ ಬೇಗ ಮುಟ್ಟಬೇಕೆಂದು ಹೊರಟ ಸಂಭಾವಿತರು.

"ಇಲ್ಲೇ ಡೇರಿಗೆ ಹೋಗಿಬರೋಕೆ ಹೆಲ್ಮೆಟ್ ಯಾಕೆ?"

ಅಪಘಾತವೆಂದರೆ ದೂರ ಪ್ರಯಾಣದ್ದು, ಹೆದ್ದಾರಿಯದ್ದು, ಬೆಂಗಳೂರಿನದ್ದು ಎಂಬುದು ಈ ನಾಲ್ಕು ತಾಲ್ಲೂಕಿನ ಮನೆಮನೆಯ ನಂಬಿಕೆ. 2022ರಲ್ಲಿ ಸತ್ತವರಲ್ಲಿ ನೂರಕ್ಕೆ 39 ಜನ ಸತ್ತದ್ದು ರಾಷ್ಟ್ರೀಯ ಹೆದ್ದಾರಿಯೂ ಅಲ್ಲದ, ರಾಜ್ಯ ಹೆದ್ದಾರಿಯೂ ಅಲ್ಲದ ರಸ್ತೆಗಳಲ್ಲಿ. ಒಟ್ಟು ಸಾವಿನ ಮೂರರಲ್ಲಿ ಎರಡು ಪಾಲು ಗ್ರಾಮಾಂತರದ್ದು. ಹೆಚ್ಚು ಅಪಘಾತವಾಗುವ ಹೊತ್ತು ಸಂಜೆ 6ರಿಂದ 9. ಹಾಲು ಹಾಕುವ ಹೊತ್ತು, ತೋಟದಿಂದ ಬರುವ ಹೊತ್ತು, ಸಂತೆ ಮುಗಿಸಿ ಹೊರಡುವ ಹೊತ್ತು ಅದೇ.

ಸುಗ್ಗಿಯ ಕಾಲದಲ್ಲಿ ಅರಕಲಗೂಡಿನ ಕಡೆಯೋ ಹೊಳೆನರಸೀಪುರದ ಕಡೆಯೋ ಡಾಂಬರು ಹಾಕಿದ ಹಳ್ಳಿ ರಸ್ತೆಯಲ್ಲಿ ಒಮ್ಮೆ ಹೋಗಿ ನೋಡಿ. ಕಣ ಮಾಡುವವರು ಈಗ ಕಡಿಮೆ. ಹುರುಳಿ, ರಾಗಿ ತಂದು ರಸ್ತೆಗೇ ಹರವುತ್ತಾರೆ, ಓಡಾಡುವ ಗಾಡಿಗಳ ಚಕ್ರವೇ ಒಕ್ಕಣೆ ಮಾಡುತ್ತದೆ. ಹುರುಳಿ ಕಾಳು ಗುಂಡಗೆ, ನುಣ್ಣಗೆ ಇರುತ್ತದೆ. ಅದರ ಮೇಲೆ ಹತ್ತಿದ ಬೈಕಿನ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಒಣಗಿದ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಸೈಲೆನ್ಸರಿನ ಬಿಸಿಗೆ ಹೊತ್ತಿಕೊಳ್ಳುವುದೂ ಉಂಟು. ಸಂಜೆ ಕಾಳು ಬಾಚಿಕೊಂಡ ಮೇಲೆ ಗುಡ್ಡೆಗೆ ಆನಿಸಿದ್ದ ಕಲ್ಲು ಅಲ್ಲೇ ಉಳಿಯುತ್ತದೆ. ಕತ್ತಲಲ್ಲಿ ಬರುವವನಿಗೆ ಅದು ಕಾಣುವುದಿಲ್ಲ. ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರಿಗೆ ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದಿದ್ದರೂ ಇದೇ ಕಥೆ. ಒಕ್ಕಣೆಗೆ ಜಾಗವಿಲ್ಲದ ರೈತನ ಕಷ್ಟ ನಿಜವಾದದ್ದು. ಪಂಚಾಯ್ತಿಗೊಂದು ಸಿಮೆಂಟಿನ ಕಣ ಕಟ್ಟಿಸಿಕೊಡದೆ ಅವನನ್ನು ಬೈಯುವುದು ನ್ಯಾಯವಲ್ಲ ಎಂದು ನನ್ನ ಅನಿಸಿಕೆ.

ದೇಶದಲ್ಲಿ ಸತ್ತವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರದವರು. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029, ಅವರಲ್ಲಿ 14,337 ಜನ ಹಿಂದೆ ಕುಳಿತವರು. ಹಿಂದಿನ ಸೀಟಿನ ಹೆಂಡತಿ, ಅಮ್ಮ, ಅಕ್ಕನಿಗೆ ಹೆಲ್ಮೆಟ್ ಕೊಂಡುಕೊಟ್ಟ ಮನೆ ನಮ್ಮಲ್ಲಿ ಎಷ್ಟಿವೆ? ಒಳ್ಳೆಯ ಹೆಲ್ಮೆಟ್ ಸಾಯುವ ಅಪಾಯವನ್ನು ನೂರಕ್ಕೆ 40ಕ್ಕಿಂತ ಹೆಚ್ಚು ಇಳಿಸುತ್ತದೆ, ತಲೆಪೆಟ್ಟನ್ನು ಸುಮಾರು 70ರಷ್ಟು. ಗದ್ದದ ಪಟ್ಟಿ ಬಿಗಿಯದೆ ಬರೀ ತಲೆ ಮೇಲಿಟ್ಟುಕೊಂಡರೆ ಅದು ಪೊಲೀಸರಿಗೆ ತೋರಿಸಲು ಮಾತ್ರ. ಬೀಳುವಾಗ ನಿಮಗಿಂತ ಮೊದಲು ಅದೇ ಹಾರಿಹೋಗುತ್ತದೆ.

ಇನ್ನು ನಡೆದುಹೋಗುವವರು: ಐದು ಸಾವಿನಲ್ಲಿ ಒಂದು ಅವರದ್ದು. ನಮ್ಮ ಕಡೆ ಹೆದ್ದಾರಿ ಊರೊಳಗೇ ಹಾಯುತ್ತದೆ. ಹಬ್ಬ, ಮದುವೆ ದಿಬ್ಬಣ, ಶಾಲೆ ಬಿಡುವ ಹೊತ್ತು ಎಲ್ಲಕ್ಕೂ ಅದೇ ಬೀದಿ. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ–ಹೊಳೆನರಸೀಪುರ ರಸ್ತೆಯ ಮೊಸಳೆಹೊಸಹಳ್ಳಿಯಲ್ಲಿ ಗಣೇಶನನ್ನು ಬಿಡಲು ಹೊರಟ ಮೆರವಣಿಗೆಗೆ ಲಾರಿ ನುಗ್ಗಿತು. ಮರುದಿನದ ಹೊತ್ತಿಗೆ ಸತ್ತವರು ಒಂಬತ್ತು, ಗಾಯಗೊಂಡವರು ಇಪ್ಪತ್ತಕ್ಕೂ ಹೆಚ್ಚು. ಓದಲೆಂದು ಊರು ಬಿಟ್ಟು ಬಂದಿದ್ದ ಇಂಜಿನಿಯರಿಂಗ್ ಹುಡುಗರೂ ಅವರಲ್ಲಿದ್ದರು. ಲಾರಿ ಚಾಲಕನ ತಪ್ಪನ್ನು ನ್ಯಾಯಾಲಯ ನೋಡಿಕೊಳ್ಳಲಿ. ರಾತ್ರಿ ಮೆರವಣಿಗೆ ಹೊರಡುವಾಗ ಆ ಕಡೆ ಈ ಕಡೆ ಬ್ಯಾರಿಕೇಡ್ ಇಟ್ಟು ಭಾರಿ ವಾಹನ ತಡೆಯುವ ಏರ್ಪಾಡು ಪ್ರತಿ ಹಳ್ಳಿಯ ಹಬ್ಬದ ಅನುಮತಿಯಲ್ಲೇ ಇರಬೇಕು. ಇದು ನಮ್ಮ ಹಕ್ಕಿನ ಬೇಡಿಕೆ.

"ಗಾಯಾಳುವನ್ನು ಮುಟ್ಟಿದರೆ ಕೋರ್ಟು ಕಚೇರಿ ಅಲೆಯಬೇಕು"

ಬೇಕಾಗಿಲ್ಲ. 2016ರ ಫೆಬ್ರುವರಿಯಲ್ಲಿ ಗುಬ್ಬಿಯಲ್ಲಿ ಮತ ಹಾಕಿ ಬೆಂಗಳೂರಿಗೆ ಮರಳುತ್ತಿದ್ದ ಹರೀಶ್ ನಂಜಪ್ಪ ಎಂಬ ಯುವಕ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ಸತ್ತರು. ಆ ಸ್ಥಿತಿಯಲ್ಲೂ ಕಣ್ಣು ದಾನ ಮಾಡಿ ಎಂದು ಕೇಳಿಕೊಂಡಿದ್ದರು. ಅವರ ಹೆಸರಿನಲ್ಲೇ ಗಾಯಾಳುಗಳಿಗೆ ಮೊದಲ 48 ಗಂಟೆಯ ಚಿಕಿತ್ಸೆ ಕೊಡುವ ರಾಜ್ಯದ ಸಾಂತ್ವನ ಯೋಜನೆ ಬಂತು. ನೆರವಾದವರನ್ನು ಹೆಸರು, ವಿಳಾಸ ಹೇಳೆಂದು ಒತ್ತಾಯಿಸುವಂತಿಲ್ಲ, ಆಸ್ಪತ್ರೆಯಲ್ಲಿ ಹಿಡಿದಿಟ್ಟುಕೊಳ್ಳುವಂತಿಲ್ಲ. ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ್ದನ್ನು 2019ರ ಮೋಟಾರು ವಾಹನ ತಿದ್ದುಪಡಿಯ 134ಎ ಕಲಮು ಕಾನೂನಾಗಿಸಿದೆ. 2025ರ ಮೇಯಿಂದ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯೂ ಇದೆ. 108ಕ್ಕೆ ಫೋನ್ ಮಾಡಿ. ಕತ್ತು, ಬೆನ್ನಿಗೆ ಪೆಟ್ಟಾದವರನ್ನು ಕೈಕಾಲು ಹಿಡಿದು ಎತ್ತಬೇಡಿ.

"ಸತ್ತವರ ಲೆಕ್ಕವೇ ಪೂರ್ತಿ ಲೆಕ್ಕ"

ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡಿರುವ ನಂಬಿಕೆ ಇದು. 2022ರಲ್ಲಿ ದೇಶದ ಪೊಲೀಸ್ ದಾಖಲೆಯಲ್ಲಿ ಗಾಯಗೊಂಡವರು 4,43,366. ಒಂದು ಸಾವಿಗೆ ಮೂವರೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಾದ್ಯಂತ ವರ್ಷಕ್ಕೆ 2 ಕೋಟಿಯಿಂದ 5 ಕೋಟಿ ಜನ ಗಾಯಗೊಳ್ಳುತ್ತಾರೆ, ಎಂದರೆ ಒಂದು ಸಾವಿಗೆ ಹದಿನೈದಕ್ಕೂ ಹೆಚ್ಚು. ನಮ್ಮ ಗಾಯಾಳುಗಳೆಲ್ಲ ಎಲ್ಲಿ ಹೋದರು?

ಊರಲ್ಲೇ ಇದ್ದಾರೆ. ಕಾಲು ಮುರಿದುಕೊಂಡು ಮೂಳೆ ಕಟ್ಟುವ ನಾಟಿ ವೈದ್ಯರ ಹತ್ತಿರ ಹೋದವರು. "ನಮ್ಮವರೇ, ಕೇಸು ಬೇಡ" ಎಂದು ಊರ ಹಿರಿಯರ ಮುಂದೆ ಒಂದಿಷ್ಟು ದುಡ್ಡಿಗೆ ರಾಜಿಯಾದವರು. ಆಸ್ಪತ್ರೆಯಲ್ಲಿ "ಜಾರಿ ಬಿದ್ದೆ" ಎಂದು ಬರೆಸಿದವರು. ಓಡಿಸುತ್ತಿದ್ದವನಿಗೆ ಲೈಸೆನ್ಸ್ ಇಲ್ಲ, ಗಾಡಿಗೆ ಇನ್ಶೂರೆನ್ಸ್ ಇಲ್ಲ ಎಂಬುದೂ ಹಲವು ಸಲ ಆ ಮೌನದ ಕಾರಣ. ಮೂಳೆ ಮುರಿದರೆ, ಇಲ್ಲವೇ ಹದಿನೈದು ದಿನ ತೀವ್ರ ನೋವಿನಿಂದ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ ಅದು ತೀವ್ರ ಗಾಯ. ಹಳೆಯ ಕಾನೂನಿನಲ್ಲಿ ಇಪ್ಪತ್ತು ದಿನ ಇತ್ತು. ಡಿಕ್ಕಿ ಹೊಡೆದು ಓಡಿಹೋದ ಗಾಡಿ ಸಿಗದಿದ್ದರೂ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಪರಿಹಾರ 2022ರ ಏಪ್ರಿಲ್‌ನಿಂದ ಇದೆ. ದಾಖಲೆಯೇ ಇಲ್ಲದವನಿಗೆ ಅದು ಸಿಗದು. ತೀವ್ರ ಗಾಯವೆಂದರೆ ಆರು ತಿಂಗಳು ದುಡಿಮೆ ನಿಂತ ಮನೆ, ಮಾರಿದ ಹಸು, ಶಾಲೆ ಬಿಟ್ಟ ಹುಡುಗಿ. ಸಾವಿನಷ್ಟೇ ಭಾರದ ಈ ನಷ್ಟ ಎಲ್ಲಿಯೂ ಬರೆದಿಟ್ಟಿರುವುದಿಲ್ಲ.

ಬರೆಸದೆ ಬಿಟ್ಟರೆ ನಷ್ಟ ಆ ಮನೆಯೊಂದಕ್ಕೇ ಅಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು ಅರ್ಧ ಕಿಲೋಮೀಟರಿನೊಳಗೆ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ದಾಖಲಾದರೆ ಅದು ಬ್ಲ್ಯಾಕ್ ಸ್ಪಾಟ್. ಪಟ್ಟಿಗೆ ಬಂದ ಜಾಗಕ್ಕೆ ದೀಪ, ಫಲಕ, ಉಬ್ಬು, ಕೆಳಸೇತುವೆಗೆ ಹಣ ಬರುತ್ತದೆ. ನಾಲ್ವರು ಕಾಲು ಮುರಿದುಕೊಂಡು ನಾಲ್ವರೂ ರಾಜಿಯಾದರೆ ಆ ಕ್ರಾಸು ಸರ್ಕಾರದ ಕಣ್ಣಿಗೆ ಸುರಕ್ಷಿತ ರಸ್ತೆ. ಐದನೆಯವನು ಸಾಯುವಾಗಲೂ ಅದು ಮೊದಲ ಅಪಘಾತವೆಂದೇ ಲೆಕ್ಕವಾಗುತ್ತದೆ.

ಆದ್ದರಿಂದ ಆಸ್ಪತ್ರೆಯಲ್ಲಿ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಬರೆಸಿ, ಅಪಘಾತ ಆದ ಜಾಗವನ್ನು ಊರ ಹೆಸರಿನ ಜೊತೆಗೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ಸಮೇತ ಹೇಳಿ. ಠಾಣೆಯಲ್ಲಿ ಕೊಟ್ಟ ದೂರಿನ ಪ್ರತಿ ಇಟ್ಟುಕೊಳ್ಳಿ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇದೆ. ನಿಮ್ಮ ಊರ ಕ್ರಾಸಿನಲ್ಲಿ ಮೂರು ವರ್ಷದಲ್ಲಿ ಬಿದ್ದವರ, ಸತ್ತವರ ದಿನಾಂಕಗಳನ್ನು ಗ್ರಾಮಸಭೆಯಲ್ಲಿ ಬರೆಸಿ, ಪಂಚಾಯ್ತಿ ಮೊಹರು ಹಾಕಿಸಿ ಆ ಸಮಿತಿಗೆ ಕಳುಹಿಸಿ, ಮುಂದಿನ ಸಭೆಯಲ್ಲಿ ಏನಾಯಿತೆಂದು ಕೇಳಿ.