ಡಾಕ್ಟರ ಮುಂದೆ ಏರುವ ಬಿಪಿ

ಬೂದಿಕೋಟೆಯಿಂದ ಬಸ್ಸು ಹತ್ತಿ ಬಂಗಾರಪೇಟೆಗೋ ಕೋಲಾರಕ್ಕೋ ದೊಡ್ಡ ಡಾಕ್ಟರಿಗೆ ತೋರಿಸಲು ಹೊರಟವರಿಗೆ ಹಿಂದಿನ ರಾತ್ರಿಯೇ ಎದೆ ಡವಗುಟ್ಟತೊಡಗುತ್ತದೆ. ‘ಹೆದರಬೇಡಿ’ ಎಂಬ ಜೊತೆಯವರ ಮಾತು ಅಷ್ಟಾಗಿ ನಾಟುವುದಿಲ್ಲ. ಅಂಜಿಕೆ ಬರಿಯ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅಡ್ರಿನಲಿನ್ ರಕ್ತಕ್ಕೆ ಸೇರಿ, ಹೃದಯದ ಬಡಿತ ಬಿರುಸಾಗಿ, ಸಣ್ಣ ರಕ್ತನಾಳಗಳು ಬಿಗಿದು ಬಿಪಿ ನಿಜವಾಗಿಯೇ ಏರುತ್ತದೆ. ಇಟಲಿಯ ಜ್ಯುಸೆಪ್ಪೆ ಮಾನ್ಚಿಯಾ ಮತ್ತು ಸಂಗಡಿಗರು ರಕ್ತನಾಳದೊಳಗೇ ಒತ್ತಡ ಅಳೆದು 1983ರಲ್ಲಿ ಇದನ್ನು ತೋರಿಸಿಕೊಟ್ಟರು. ವೈದ್ಯರು ಬಳಿಗೆ ಬಂದ ನಾಲ್ಕು ನಿಮಿಷದೊಳಗೆ ಮೇಲಿನ ಅಂಕಿ ಸರಾಸರಿ 27ರಷ್ಟು ಏರಿ, ಹತ್ತು ನಿಮಿಷ ಕಳೆಯುವ ಹೊತ್ತಿಗೆ ಬಹುಮಟ್ಟಿಗೆ ಇಳಿದಿತ್ತು. ನರ್ಸ್ ಅಳೆದರೆ ಏರಿಕೆ ಕಡಿಮೆ ಎಂದು ಅದೇ ತಂಡ 1987ರಲ್ಲಿ ಕಂಡಿತು. ಆದ್ದರಿಂದ ಧೈರ್ಯ ತಂದುಕೊಳ್ಳುವ ಹೊರೆಯನ್ನೆಲ್ಲ ರೋಗಿಯ ತಲೆಗೆ ಹೊರಿಸುವುದು ನ್ಯಾಯವಲ್ಲ. ಬದಲಾಗಬೇಕಾದದ್ದು ಅಳೆಯುವ ರೀತಿ.

ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಕೇಳಬಹುದು. ಸರತಿಗಾಗಿ ಹೇಗೂ ಕಾಯುತ್ತೇವಲ್ಲ, ಆ ಹೊತ್ತೇ ಸಾಕು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಮಾತಾಡದೆ ಐದು ನಿಮಿಷ ಕೂರಬೇಕು. ಅದಕ್ಕೆ ಮೊದಲ ಅರ್ಧ ಗಂಟೆ ಕಾಫಿ, ಬೀಡಿ ಬೇಡ. ಮೂತ್ರ ತಡೆದುಕೊಂಡೂ ಕೂರಬಾರದು. ತೋಳು ಎದೆಯ ಮಟ್ಟದಲ್ಲಿರಲಿ. ಮೊದಲ ಅಂಕಿ ಹೆಚ್ಚಿದ್ದರೆ ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಿ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ, ಅದು ರೋಗಿಯ ಹಕ್ಕು. ಇದಕ್ಕಿಂತಲೂ ಒಳ್ಳೆಯದು ಮನೆಯಲ್ಲೇ ಅಳೆಯುವುದು. ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ಕಾಯಿಲೆ ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲೇ ಆರಂಭಿಸಿತು. ಕಾಯಿಲೆಯನ್ನು ಬೇಗ ಪತ್ತೆಹಚ್ಚುವುದು ಅದರ ಉದ್ದೇಶ. ಅಂಜುವವರಿಗೆ ತಮ್ಮ ಮನೆಯ ಜಗಲಿಯಲ್ಲೇ ತಪಾಸಣೆಯಾಗುವುದು ನನ್ನ ದೃಷ್ಟಿಯಲ್ಲಿ ಅಷ್ಟೇ ದೊಡ್ಡ ಲಾಭ.

ಹಾಗಾದರೆ ಆಸ್ಪತ್ರೆಯ ಅಂಕಿ ಸುಳ್ಳು, ಮಾತ್ರೆ ಬಿಡಬಹುದು ಎಂದುಕೊಂಡರೆ ಅಪಾಯ. ಆಸ್ಪತ್ರೆಯಲ್ಲಷ್ಟೇ ಬಿಪಿ ಏರುವವರಲ್ಲಿ ಮುಂದೆ ಕಾಯಂ ಬಿಪಿ ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಆಸ್ಪತ್ರೆಯಲ್ಲಿ ಸರಿಯಿದ್ದು ಮನೆಯಲ್ಲಿ ಏರುವವರೂ ಇದ್ದಾರೆ, ಅದು ಇನ್ನೂ ಕೆಟ್ಟದ್ದು. ಹೀಗಾಗಿ ಬೇಕಾದದ್ದು ಒಂದು ವಾರದ ಲೆಕ್ಕ: ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ತೋಳಿಗೆ ಕಟ್ಟುವ ಯಂತ್ರದಲ್ಲಿ. ಯಂತ್ರ ಸರಿಯಿದೆಯೇ ಎಂದು ಆಸ್ಪತ್ರೆಯದರ ಜೊತೆ ಒಮ್ಮೆ ಹೋಲಿಸಿಕೊಳ್ಳಬೇಕು. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ 135/85 ಮುಟ್ಟಿದರೆ ಅದು ಅಂಜಿಕೆಯಿಂದಷ್ಟೇ ಬಂದದ್ದಲ್ಲ, ಚಿಕಿತ್ಸೆಯ ಬಗ್ಗೆ ವೈದ್ಯರೊಡನೆ ಮಾತಾಡಲೇಬೇಕು. 180/120 ದಾಟಿ ಎದೆನೋವು, ಏದುಸಿರು ಅಥವಾ ಕೈಕಾಲು ಸೋಲುವಿಕೆ ಕಂಡರೆ ವಾರ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು.