ಪಂಕ್ತಿಯ ಹೊರಗುಳಿದವರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸುಸಂದರ್ಭದಲ್ಲಿ ಪ್ರಕಟವಾಗುತ್ತಿರುವ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡಾಗ, ಗಡಿನಾಡಿನ ಕನ್ನಡಿಗರಿಗಾದ ಅನ್ಯಾಯದ ಕುರಿತು ಬರೆಯುವುದೆಂದು ಮೊದಲು ನಿಶ್ಚಯಿಸಿದ್ದೆ. ಅದಕ್ಕೆ ವಿಷಯದ ಕೊರತೆಯಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದುದು, ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗವು ಶಿಫಾರಸು ಮಾಡಿದುದು, ಆ ಶಿಫಾರಸು ಕಾಗದದಲ್ಲಿಯೇ ಉಳಿದುದು, ಇವೆಲ್ಲ ಈ ಸಂಚಿಕೆಯ ಓದುಗರಿಗೆ ಕಂಠಪಾಠವಾದ ಸಂಗತಿಗಳು. ಆದರೆ ಹಳೆ ವಿದ್ಯಾರ್ಥಿಗಳ ಪಟ್ಟಿಯನ್ನು ಸಿದ್ಧಪಡಿಸಲೆಂದು ಶಾಲೆಯ ಪ್ರವೇಶ ದಾಖಲೆಯ ಪುಸ್ತಕಗಳನ್ನು ತೆರೆದು ಕುಳಿತಾಗ, ನನ್ನದೇ ಕೈಬರಹದ ಒಂದು ಸಾಲು ಕಣ್ಣಿಗೆ ಬಿತ್ತು. ಬರೆಯಬೇಕಾದ ವಿಷಯ ಬೇರೆಯೇ ಆಯಿತು.

ಅದು ನಾಲ್ಕನೆಯ ತರಗತಿಯಲ್ಲಿದ್ದ ಕೊರಗ ಬಾಲಕಿಯೊಬ್ಬಳ ಹೆಸರಿನ ಮುಂದಿದ್ದ ಸಾಲು. ಶಾಲೆ ಬಿಟ್ಟ ಕಾರಣ ಎಂಬ ಅಂಕಣದಲ್ಲಿ 'ದೀರ್ಘಕಾಲದ ಗೈರುಹಾಜರಿ' ಎಂದು ಬರೆದಿದ್ದೇನೆ. ಅದು ಸುಳ್ಳಲ್ಲ, ಆದರೆ ಕಾರಣವೂ ಅದಲ್ಲ. ಕಾರಣವನ್ನು ಹೇಳುವ ಮೊದಲು, ಆಕೆ ಹುಟ್ಟಿ ಬಂದ ಜನಾಂಗದ ಕುರಿತು ಕೆಲವು ಮಾತುಗಳನ್ನು ಹೇಳುವುದು ಅವಶ್ಯ.

ಕೊರಗರು ತುಳುನಾಡಿನ ಆದಿನಿವಾಸಿಗಳಲ್ಲಿ ಒಬ್ಬರು. ಕಾಡಿನ ಬಳ್ಳಿಗಳಿಂದ ಬುಟ್ಟಿ, ತಡಪೆಗಳನ್ನು ಹೆಣೆಯುವುದು ಅವರ ಕುಲಕಸುಬು. ಡೋಲು ಮತ್ತು ಕೊಳಲು ಅವರ ವಾದ್ಯಗಳು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅವರ ಸಂಖ್ಯೆ 15,000ಕ್ಕೆ ತುಸು ಕಡಿಮೆ. ಕೇರಳದಲ್ಲಿ ಸುಮಾರು 1,600 ಮಾತ್ರ, ಅದೂ ಬಹುಮಟ್ಟಿಗೆ ನಮ್ಮ ಜಿಲ್ಲೆಯಲ್ಲಿಯೇ. ದೇಶದ 75 ಬುಡಕಟ್ಟುಗಳನ್ನು ವಿಶೇಷವಾಗಿ ದುರ್ಬಲವಾದವುಗಳೆಂದು ಸರಕಾರ ಗುರುತಿಸಿದೆ. ಕರ್ನಾಟಕದಲ್ಲಿ ಜೇನುಕುರುಬರೊಂದಿಗೆ ಕೊರಗರೂ, ಕೇರಳದ ಐದು ಬುಡಕಟ್ಟುಗಳಲ್ಲಿ ಕೊರಗರೂ ಈ ಪಟ್ಟಿಯಲ್ಲಿದ್ದಾರೆ. ಗಡಿಯ ಈಚೆಗೂ ಆಚೆಗೂ ಅವರ ಸ್ಥಿತಿ ಒಂದೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ದುರ್ಬಲತೆ ಹುಟ್ಟಿನಿಂದ ಬಂದುದಲ್ಲ, ಹೇರಲ್ಪಟ್ಟದ್ದು. ಕೊರಗರಲ್ಲಿ ಅಂಡೆ ಕೊರಗರೆಂಬ ಒಂದು ಪಂಗಡವಿತ್ತು. ದಾರಿಯಲ್ಲಿ ಉಗುಳಿದರೆ ನೆಲ ಮೈಲಿಗೆಯಾದೀತೆಂದು ಅವರು ಕೊರಳಿಗೆ ಅಂಡೆಯನ್ನು ಕಟ್ಟಿಕೊಂಡು ನಡೆಯಬೇಕಾಗಿತ್ತು. 1909ರಲ್ಲಿ ಪ್ರಕಟವಾದ ಥರ್ಸ್ಟನ್ನರ ಗ್ರಂಥದಲ್ಲಿ ಇದರ ಉಲ್ಲೇಖವಿದೆ. ಸ್ತ್ರೀಯರು ಬಟ್ಟೆಯ ಬದಲು ಸೊಂಟಕ್ಕೆ ಸೊಪ್ಪನ್ನು ಸುತ್ತಿಕೊಳ್ಳುತ್ತಿದ್ದರು. ಇನ್ನು 'ಅಜಲು' ಎಂಬ ಪದ್ಧತಿ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಅನ್ನದಲ್ಲಿ ಕೂದಲು, ಉಗುರುಗಳನ್ನು ಬೆರೆಸಿ ಕೊರಗನಿಗೆ ತಿನ್ನಿಸಿದರೆ ದೋಷವು ಅವನಿಗೆ ದಾಟುವುದೆಂಬ ನಂಬಿಕೆ. ಕಂಬಳದ ಕೋಣಗಳು ಓಡುವ ಮೊದಲು ಗದ್ದೆಯಲ್ಲಿ ಕೊರಗರನ್ನು ಓಡಿಸುವ ಕ್ರಮ. ಕರೆದಾಗ ಬಂದು ಡೋಲು ಬಾರಿಸಿ, ಹೊರಗೆ ಕುಳಿತು, ಕೊಟ್ಟುದನ್ನು ಪಡೆದು ಹೋಗಬೇಕೆಂಬ ಕಟ್ಟಳೆ. ಕರ್ನಾಟಕ ಸರಕಾರವು ಈ ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ ಸಂವಿಧಾನವು ಜಾರಿಗೆ ಬಂದುದು 1950ರಲ್ಲಿ. ನಡುವಣ ಐವತ್ತು ವರ್ಷಗಳನ್ನು ಓದುಗರೇ ಎಣಿಸಿಕೊಳ್ಳಲಿ.

ವರ್ಣಭೇದವೆಂದರೆ ದಕ್ಷಿಣ ಆಫ್ರಿಕದ್ದು, ಅಮೆರಿಕದ್ದು ಎಂದು ತರಗತಿಯಲ್ಲಿ ನಾವು ಪಾಠ ಹೇಳುತ್ತಾ ಬಂದೆವು. ಆದರೆ 1965ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ, 1968ರಲ್ಲಿ ಭಾರತವು ಸ್ಥಿರೀಕರಿಸಿದ ಜನಾಂಗಭೇದ ನಿರ್ಮೂಲನ ಒಪ್ಪಂದವು ಬಣ್ಣವನ್ನು ಮಾತ್ರ ಹೇಳುವುದಿಲ್ಲ; ವಂಶವನ್ನೂ ಹೇಳುತ್ತದೆ. ಜಾತಿಯು ಇದರೊಳಗೆ ಬಾರದೆಂದು 1996ರಲ್ಲಿ ನಮ್ಮ ಸರಕಾರ ವಾದಿಸಿದಾಗ, ವಂಶವೆಂಬ ಪದವು ಜನಾಂಗಕ್ಕಷ್ಟೇ ಸೀಮಿತವಲ್ಲವೆಂದು ವಿಶ್ವಸಂಸ್ಥೆಯ ಸಮಿತಿಯು ಅಭಿಪ್ರಾಯಪಟ್ಟಿತು. ಪದಗಳ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ಮಾತ್ರಕ್ಕೆ ಇಂಥಲ್ಲಿ ನಿಲ್ಲಬೇಕೆಂದು ಮಗುವೊಂದಕ್ಕೆ ಹೇಳುವುದು ಎಲ್ಲಿ ನಡೆದರೂ ಒಂದೇ ಪಾಪ.

ಭಾಷೆಯ ವಿಷಯದಲ್ಲಿಯೂ ನಾವು ಯೋಚಿಸಬೇಕಾದುದಿದೆ. ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿಯು ಹೇಳುತ್ತದೆ. ಅದನ್ನು ಎಷ್ಟು ಮನವಿಗಳಲ್ಲಿ ಬರೆದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಕೊರಗರಿಗೆ ತಮ್ಮದೇ ಆದ ಭಾಷೆಯಿದೆ. ನಮ್ಮ ಹೆಸರಾಂತ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 1971ರಲ್ಲಿಯೇ ಅದರ ಕುರಿತು ಗ್ರಂಥ ಬರೆದಿದ್ದಾರೆ. ಮನೆಯಲ್ಲಿ ಆ ನುಡಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಹೀಗೆ ನಾಲ್ಕು ಹೊಸ್ತಿಲುಗಳನ್ನು ದಾಟಿ ಬಂದ ಮಗು ಮೊದಲ ದಿನ ಬಾಯಿ ಬಿಡದಿದ್ದರೆ ದಡ್ಡನೆಂದು ಹಿಂದಿನ ಸಾಲಿನಲ್ಲಿ ಕೂರಿಸಿದವರು ಮಾತೃಭಾಷೆಗಾಗಿ ಹೋರಾಡಿದ ನಾವೇ.

ಹೆಣ್ಣುಮಗುವಿನ ಪಾಡು ಇನ್ನೂ ಕಠಿಣ. ಕೊರಗರದು ಮಾತೃಮೂಲದ ವಂಶಕ್ರಮ. ಮಕ್ಕಳಿಗೆ ತಾಯಿಯ ಬಳಿಯೇ ಬಳಿ. ಬುಟ್ಟಿ ಹೆಣೆಯುವುದರಲ್ಲಿ ಹೆಣ್ಣು ಗಂಡಿಗೆ ಸರಿಸಮಾನಳು. ಆದರೆ ಹೊರಗಿನ ಸಮಾಜದಲ್ಲಿ ಆಕೆ ಎರಡು ಸಲ ಕೀಳಾಗುತ್ತಾಳೆ, ಕುಲದಿಂದ ಒಮ್ಮೆ, ಹೆಣ್ಣಾದುದರಿಂದ ಇನ್ನೊಮ್ಮೆ. ತಾಯಿ ಕಾಡಿಗೋ ಕೂಲಿಗೋ ಹೋದರೆ ಎಳೆಯ ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಡಬೇಕಾದವಳು ಅಕ್ಕ. ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯವಾಗುವಾಗ ಹದಿನಾಲ್ಕು ವರ್ಷಗಳು ಕಳೆದಿದ್ದವು. ಸಭಾವೇದಿಕೆಯನ್ನು ಮಾತ್ರ ಮೂರನೆಯ ವರ್ಷದಲ್ಲಿಯೇ ಕಟ್ಟಿಸಿದ್ದೆವು.

ಈಗ ಆ ಬಾಲಕಿಯ ವಿಚಾರ. 1983ರ ಶಾಲಾ ವಾರ್ಷಿಕೋತ್ಸವದಲ್ಲಿ ಪ್ರಾರ್ಥನೆ ಹಾಡುವವರಲ್ಲಿ ಆಕೆಯೂ ಒಬ್ಬಳು. ಒಳ್ಳೆಯ ಕಂಠ, ನಾನೇ ಆರಿಸಿದ್ದೆ. ಅತಿಥಿಗಳನ್ನು ಮೆರವಣಿಗೆಯಲ್ಲಿ ಕರೆತರಲು ಡೋಲು ಬೇಕೆಂದಾಯಿತು. ಆಕೆಯ ತಂದೆಗೆ ಹೇಳಿ ಕಳುಹಿಸಿದವನೂ ನಾನೇ. ಮೆರವಣಿಗೆ ಮುಗಿಯಿತು, ಸಭೆ ಮುಗಿಯಿತು, ಊಟದ ಪಂಕ್ತಿ ಕುಳಿತಿತು. ಹಾಡಿದ ಮಕ್ಕಳೊಂದಿಗೆ ಆಕೆಯೂ ಎಲೆಯ ಮುಂದೆ ಕುಳಿತಳು. ಆಗ ಚಪ್ಪರದ ಹೊರಗೆ, ಮಾವಿನ ಮರದ ಬುಡದಲ್ಲಿ, ಡೋಲನ್ನು ಪಕ್ಕಕ್ಕಿಟ್ಟು ಕುಳಿತ ತಂದೆಯ ಎಲೆಗೆ ಯಾರೋ ದೂರದಿಂದಲೇ ಅನ್ನ ಹಾಕುತ್ತಿದ್ದುದು ಆಕೆಗೆ ಕಂಡಿತು. ಆಕೆ ನನ್ನ ಮುಖ ನೋಡಿದಳು. ನಾನು ಬಡಿಸುವವರಿಗೆ ಸಾರು ತರುವಂತೆ ಹೇಳಿ ಮುಂದೆ ಹೋದೆ. ಎಲೆ ಹಾಗೆಯೇ ಉಳಿಯಿತು. ಮರುದಿನದಿಂದ ಆಕೆ ಶಾಲೆಗೆ ಬರಲಿಲ್ಲ.

ಅಂದು ಯಾರೂ ಬಯ್ಯಲಿಲ್ಲ, ಹೊಡೆಯಲಿಲ್ಲ. ಎಲ್ಲವೂ 'ಕ್ರಮದಂತೆ' ನಡೆಯಿತು. ಅಸಮಾನತೆಯ ನಿಜವಾದ ಬಲವಿರುವುದು ಈ ಕ್ರಮದಲ್ಲಿಯೇ ಎಂಬುದನ್ನು ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದವು.

ತಿಳಿಯದಿರಲು ನೆವವೇನೂ ಇರಲಿಲ್ಲ. 1859ರಲ್ಲಿ ಇದೇ ಕಾಸರಗೋಡಿನಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು 1892ರಲ್ಲಿಯೇ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಸ್ವಜಾತಿಯವರ ಬಹಿಷ್ಕಾರವನ್ನು ಎದುರಿಸಿದರು. ಅವರ ಮಗಳು ರಾಧಾಬಾಯಿ ಸುಬ್ಬರಾಯನ್ 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿ, 1938ರಲ್ಲಿ ಕೇಂದ್ರ ಶಾಸನಸಭೆಯ ಮೇಲ್ಮನೆಗೆ ಪ್ರಥಮ ಮಹಿಳಾ ಸದಸ್ಯೆಯಾದರು. ದಲಿತರಿಗೆ ತೆರೆದ ಮನೆಯ ಬಾಗಿಲು ಹೆಣ್ಣಿಗೂ ತೆರೆದಿತ್ತು. ಈ ಎರಡು ನ್ಯಾಯಗಳು ಬೇರೆ ಬೇರೆಯಲ್ಲ.

ಕಳೆದ ತಿಂಗಳು ಆ ಬಾಲಕಿಯನ್ನು, ಈಗ ಐವತ್ತು ದಾಟಿದ ಗೃಹಿಣಿಯನ್ನು, ಹುಡುಕಿಕೊಂಡು ಹೋದೆ. ಚಾಪೆ ಹಾಸಿ ಕೂರಿಸಿದಳು. ನಾನು ಹೇಳಬೇಕೆಂದಿದ್ದುದನ್ನೆಲ್ಲ ಕೇಳಿ, ತುಳುವಿನಲ್ಲಿ ಇಷ್ಟೇ ಅಂದಳು: "ಅಪ್ಪ ಡೋಲು ಬಾರಿಸಿದ್ದು ನನಗೆ ನಾಚಿಕೆಯಾಗಿರಲಿಲ್ಲ ಮಾಷ್ಟ್ರೇ. ನೀವು ನೋಡಿಯೂ ನೋಡದ ಹಾಗೆ ಹೋದಿರಲ್ಲ, ಅದು." ಆಕೆಯ ಮೊಮ್ಮಗಳು ಈ ವರ್ಷ ನಮ್ಮ ಶಾಲೆಯ ಒಂದನೆಯ ತರಗತಿಯಲ್ಲಿದ್ದಾಳೆ.

ಮಹೋತ್ಸವ ಸಮಿತಿಯವರಲ್ಲಿ ನನ್ನ ವಿನಮ್ರ ವಿನಂತಿ ಇದು. ಈ ಸಲದ ಮೆರವಣಿಗೆಯಲ್ಲಿ ಡೋಲು ಇರಲಿ, ಅದು ನಮ್ಮ ನೆಲದ ನಾದ. ಆದರೆ ಅವರಿಗೂ ಆಮಂತ್ರಣ ಪತ್ರಿಕೆ ಕೊಟ್ಟು ಕರೆಯೋಣ. ಉಳಿದ ಕಲಾವಿದರಿಗೆ ಸಲ್ಲುವ ಸಂಭಾವನೆ ಅವರಿಗೂ ಸಲ್ಲಲಿ. ಒಂದೇ ಪಂಕ್ತಿಯಲ್ಲಿ ಊಟವಾಗಲಿ. ತುಳುವಿನಲ್ಲಾದರೂ ಮಕ್ಕಳನ್ನು ಮಾತಾಡಿಸಬಲ್ಲ ಅಧ್ಯಾಪಕರು ಒಂದನೆಯ ತರಗತಿಯಲ್ಲಿರಲಿ. ನಮಗೆ ನ್ಯಾಯ ಬೇಕೆಂದು ಸರಕಾರದ ಬಾಗಿಲು ತಟ್ಟುವ ಕೈ ನಮ್ಮ ಬಾಗಿಲನ್ನು ತೆರೆಯುವುದಕ್ಕೂ ಬರಲಿ.

ದಾಖಲೆಯ ಪುಸ್ತಕವನ್ನು ಈಗ ತಿದ್ದುವಂತಿಲ್ಲ, ನಿಯಮವೂ ಒಪ್ಪುವುದಿಲ್ಲ. ಆದುದರಿಂದ ಆಕೆ ಶಾಲೆ ಬಿಟ್ಟ ಕಾರಣವನ್ನು ಇಲ್ಲಿ ಬರೆದಿದ್ದೇನೆ.