ಹಿಗ್ಗಿದರೂ ಕೆಡದ ಗೆರೆ

ಪತ್ರಿಕೆಯಲ್ಲಿ ಬಂದ ಎರಡಂಗುಲದ ರಂಗೋಲಿಯನ್ನು ನೀವು ಅಂಗಳದಲ್ಲಿ ನಾಲ್ಕಡಿ ಅಗಲಕ್ಕೆ ಹಾಕುತ್ತೀರಿ. ಎಳೆ ಒಡೆಯುತ್ತದೆಯೇ? ಇಲ್ಲವಲ್ಲ! ಚುಕ್ಕಿಯ ಲೆಕ್ಕ, ಎಳೆಯ ದಾರಿ ಗೊತ್ತಿದ್ದರೆ ಸಾಕು, ಅಳತೆ ನಿಮ್ಮಿಷ್ಟ. ಆದರೆ ಮೊಬೈಲಿನಲ್ಲಿರುವ ಪುಟ್ಟ ಚಿತ್ರ ಹಾಗಲ್ಲ.

ಕುಕ್ ಟೌನಿನಲ್ಲಿರುವ ನನ್ನ ನಾದಿನಿ ಮನೆಯಲ್ಲೇ ಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾಳೆ. ಬಾಟಲಿಯ ಚೀಟಿಯ ಮೇಲೊಂದು ಮಾವಿನಮಿಡಿಯ ಗುರುತು. ಅದು ತೀರಿಹೋದ ನಮ್ಮತ್ತೆ ಅಡುಗೆ ಪುಸ್ತಕದ ಅಂಚಿನಲ್ಲಿ ಬರೆದಿದ್ದ ಚಿತ್ರ. ಅದನ್ನೇ ಮೂರಡಿ ಬ್ಯಾನರಿಗೆ ಹಾಕಿಸಿದರೆ, ಮಿಡಿ ಹೋಗಿ ಮೆಟ್ಟಿಲಾಯಿತು! "ಬಿಡಿ ಅತ್ತಿಗೆ, ಯಾವುದಾದರೂ ರೆಡಿಮೇಡ್ ಮಾವು ಹಾಕ್ತೀನಿ" ಎಂದಳು. ನನಗೆ ಮನಸ್ಸು ಒಪ್ಪಲಿಲ್ಲ.

ಯಾಕೆ ಹೀಗೆ?

ಪಿಎನ್‌ಜಿ, ಜೆಪಿಜಿ ಚಿತ್ರಗಳು ಎಳೆ ಎಣಿಸಿ ಹಾಕುವ ಕಸೂತಿಯಂತೆ, ಬಣ್ಣದ ಚೌಕಗಳ ಸಾಲು. ಇವೇ ರಾಸ್ಟರ್ ಚಿತ್ರಗಳು. ಅಡ್ಡಕ್ಕೆ 64 ಚೌಕಗಳಿರುವ ಗುರುತನ್ನು ಮೂರಡಿಗೆ ಹಿಗ್ಗಿಸಿದರೆ ಒಂದೊಂದು ಚೌಕವೂ ಅರ್ಧ ಅಂಗುಲ ದಾಟುತ್ತದೆ. ಎಸ್‌ವಿಜಿ ಎಂಬ ವೆಕ್ಟರ್ ಚಿತ್ರ ರಂಗೋಲಿಯ ಲೆಕ್ಕದಂತೆ. ಗೆರೆ ಎಲ್ಲಿಂದ ಹೊರಟು, ಎಷ್ಟು ಬಳುಕಿ, ಎಲ್ಲಿ ಸೇರಬೇಕು ಎಂಬುದನ್ನಷ್ಟೇ ಅದು ಬರೆದಿಡುತ್ತದೆ. ಎಸ್‌ವಿಜಿ 2001ರಿಂದ ಅಂತರಜಾಲದ ಅಧಿಕೃತ ಮಾನದಂಡ. ಪೀಟರ್ ಸೆಲಿಂಗರ್ ಎಂಬ ಗಣಿತಜ್ಞರು 'ಪೋಟ್ರೇಸ್' ಎಂಬ ತಂತ್ರಾಂಶ ಹೊರತಂದರು. ಚೌಕಗಳ ಅಂಚು ಹಿಡಿದು ಗೆರೆ ಎಳೆಯುವುದು ಅದರ ಕೆಲಸ. ಈ ಕೆಲಸ ಮಾಡಿಕೊಡುವ ತಾಣಗಳು ಈಗ ಅಂತರಜಾಲದಲ್ಲಿ ಬೇಕಾದಷ್ಟಿವೆ.

ಮಾಡುವ ವಿಧಾನ

1. ಪುಟ್ಟ ಚಿತ್ರವನ್ನೇ ತಿದ್ದಲು ಹೋಗಬೇಡಿ. ಅದರಲ್ಲಿಲ್ಲದ್ದನ್ನು ಯಂತ್ರ ಎಲ್ಲಿಂದ ತಂದೀತು? ಮೂಲವನ್ನು ಹುಡುಕಿ, ಹಗಲು ಬೆಳಕಿನಲ್ಲಿ ನೆರಳು ಬೀಳದಂತೆ ನೇರ ಮೇಲಿನಿಂದ ಫೋಟೋ ತೆಗೆಯಿರಿ.

2. ಸುತ್ತಲಿನ ಬೇಡದ ಭಾಗ ಕತ್ತರಿಸಿ, ಕಪ್ಪು ಬಿಳುಪು ಎದ್ದು ಕಾಣುವಂತೆ ಮಾಡಿ.

3. ತಾಣಕ್ಕೆ ಏರಿಸಿ, ಬಣ್ಣ ಎರಡೇ ಎಂದು ಆರಿಸಿ.

4. ಇನ್ನು ಹದ ನೋಡಬೇಕು. ಕಪ್ಪಿನ ಮಿತಿ ಹೆಚ್ಚಾದರೆ ಗೆರೆ ದಪ್ಪ, ಕಡಿಮೆಯಾದರೆ ತುಂಡು ತುಂಡು. ನುಣುಪು ಹೆಚ್ಚಾದರೆ ಮೂಲೆಗಳು ಮೊಂಡಾಗುತ್ತವೆ.

5. ಇಳಿಸಿಕೊಂಡ ಎಸ್‌ವಿಜಿಯನ್ನು ಪರದೆಯ ಮೇಲೆ ಚೆನ್ನಾಗಿ ಹಿಗ್ಗಿಸಿ ನೋಡಿ. ಮತ್ತೆ ಚೌಕಗಳೇ ಕಂಡರೆ, ಹಳೆಯ ಚಿತ್ರಕ್ಕೇ ಹೊಸ ಲಕೋಟೆ ಹಾಕಿ ಕೊಟ್ಟಿದ್ದಾರೆ ಎಂದೇ ಅರ್ಥ!

ನೆನಪಿಡಿ

ಕನ್ನಡ ಅಕ್ಷರಗಳನ್ನು ಹೀಗೆ ಪರಿವರ್ತಿಸಬೇಡಿ. ಒತ್ತಕ್ಷರದ ಸಂದುಗಳು ಮುಚ್ಚಿಹೋಗುತ್ತವೆ. ಹೆಸರನ್ನು ಬೇರೆಯಾಗಿ ಟೈಪು ಮಾಡಿಸಿ, ಅಕ್ಷರಗಳನ್ನು ಗೆರೆಯಾಗಿ ಬದಲಿಸಿಯೇ ಪ್ರೆಸ್ಸಿಗೆ ಕೊಡಿ. ಇಲ್ಲವಾದರೆ ಅವರಲ್ಲಿ ಆ ಫಾಂಟ್ ಇಲ್ಲದಾಗ ಅಕ್ಷರ ಬದಲಾದೀತು. ಮುಖದ ಫೋಟೋಗಳಿಗೂ ಈ ವಿಧಾನ ಒಗ್ಗದು. ವಾಟ್ಸಾಪಿನಲ್ಲಿ ಕಳಿಸುವಾಗ 'ಡಾಕ್ಯುಮೆಂಟ್' ಆಗಿಯೇ ಕಳಿಸಿ. ತಾಣಕ್ಕೆ ಏರಿಸಿದ ಚಿತ್ರ ಬೇರೆಯವರ ಕಂಪ್ಯೂಟರಿಗೆ ಹೋಗುತ್ತದೆ ಎಂಬುದು ಗೊತ್ತಿರಲಿ. ಅದು ಬೇಡವೆನಿಸಿದರೆ, ಉಚಿತವಾಗಿ ಸಿಗುವ 'ಇಂಕ್‌ಸ್ಕೇಪ್' ತಂತ್ರಾಂಶದಿಂದ ಮನೆಯ ಕಂಪ್ಯೂಟರಿನಲ್ಲೇ ಮಾಡಬಹುದು. ಇನ್ನೊಬ್ಬರ ಗುರುತನ್ನು ಮಾತ್ರ ನಕಲು ಮಾಡಲೇಬೇಡಿ.

ನಾವು ಅಡುಗೆ ಪುಸ್ತಕ ಹುಡುಕಿ ತೆಗೆದೆವು. ಮೊದಲ ಸಲ ನುಣುಪು ಹೆಚ್ಚಾಗಿ, ಮಿಡಿ ಅಂಗಡಿಯ ಬೊಂಬೆಯಂತಾಯಿತು. ನುಣುಪು ಇಳಿಸಿದೆವು. ಅತ್ತೆಯ ಕೈ ತುಸು ನಡುಗಿದ್ದ ತೊಟ್ಟಿನ ಗೆರೆ ಹಾಗೇ ಮೂಡಿತು. "ಇದು ಅಮ್ಮಂದೇ" ಎಂದಳು ನಾದಿನಿ. ಈಗ ಬಾಟಲಿಯ ಮುಚ್ಚಳಕ್ಕೂ ಬ್ಯಾನರಿಗೂ ಅದೇ ಮಿಡಿ.

ನಿಮ್ಮ ಮನೆಯ ಹಳೆಯ ಪುಸ್ತಕಗಳ ಅಂಚನ್ನೂ ಒಮ್ಮೆ ನೋಡಿ. ಅಲ್ಲೂ ಒಂದು ಗೆರೆ ಕಾದಿರಬಹುದು.